ಪರಿಶೀಲನೆಯಲ್ಲಿದೆ

"ಇನ್ನೊಂದು ತಗೋಬೇಕಂತೆ ಕೋಚ್. ಬೇಡ ಅಂದ್ರೆ ಅಮ್ಮ ನನ್ನನ್ನ ನಿಮ್ಮ ಕಾಲೇಜಿಗೆ ಕಳಿಸಲ್ವಂತೆ," ಎಂದು ಅರಾಸೆಲಿ ನಕ್ಕಳು.

ಅವಳ ತಾಯಿ ಎಲೋಯ್ಸಾ ಆಗಲೇ ಮೂರನೆಯ ತಮಾಲೆ ಕಡುಬನ್ನು ಕೋಚ್ ಡೇನನ ತಟ್ಟೆಗೆ ಹಾಕಿ, ಸುತ್ತಿದ್ದ ಮೆಕ್ಕೆಜೋಳದ ಸಿಪ್ಪೆಯನ್ನು ತಾನೇ ಬಿಡಿಸುತ್ತಿದ್ದಳು. ಹಬೆ ಮುಖಕ್ಕೆ ಬಂತು. ಡೇನ್ ತಲೆ ಬಗ್ಗಿಸಿ ತಿನ್ನತೊಡಗಿದ. ತಲೆ ಎತ್ತಿದರೆ ಹುಡುಗಿಯ ಮುಖ ನೋಡಬೇಕಾಗುತ್ತಿತ್ತು.

ಭಾನುವಾರ. ಮನೆಯವರೆಲ್ಲ ಚರ್ಚಿನಿಂದ ಆಗಷ್ಟೇ ಬಂದಿದ್ದರು. ಅರಾಸೆಲಿಯ ತಂದೆ ಎವರಿಸ್ತೋ ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳನ್ನು ಇನ್ನೂ ಮಡಚಿರಲಿಲ್ಲ. ಯಾಕಿಮಾ ಕಣಿವೆಯಲ್ಲಿ, ಬಿಯರಿಗೆ ಹಾಕುವ ಹಾಪ್ಸ್ ತೋಟಗಳಲ್ಲಿ ಬಳ್ಳಿಗೆ ಹುರಿ ಕಟ್ಟುವ ಕಾಲ ಅದು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಎತ್ತರದ ಅಟ್ಟದ ಮೇಲೆ ನಿಂತು, ತಲೆಯ ಮೇಲಿನ ತಂತಿಗೆ ತೆಂಗಿನ ನಾರಿನ ಹುರಿಯನ್ನು ಗಂಟು ಹಾಕುತ್ತ ಹೋಗುವುದು ಅವನ ಕೆಲಸ. ಬೆರಳ ಸಂದಿಗಳೆಲ್ಲ ಸೀಳಿದ್ದವು. ಆ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಮಗಳನ್ನು ಕರೆದೊಯ್ಯಲು ಬಂದ ಕುಸ್ತಿ ಕೋಚ್ ಉಣ್ಣುವುದನ್ನೇ ನೋಡುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು, ಡೇನನಿಗೆ ಸ್ಪ್ಯಾನಿಷ್ ಬಾರದು. ನಡುವೆ ಹದಿನೇಳರ ಅರಾಸೆಲಿ. ಬ್ಯಾಂಕು, ಆಸ್ಪತ್ರೆ, ಮನೆ ಮಾಲೀಕ ಎಲ್ಲ ಕಡೆಯೂ ಚಿಕ್ಕಂದಿನಿಂದ ಈ ಮನೆಯ ಬಾಯಿ ಅವಳೇ.

"ಮಾಸ್ತರಿಗೆ ಕೇಳವ್ವಾ," ಎಂದ ಎವರಿಸ್ತೋ. "ಟಿವ್ಯಾಗ ಹೇಳಾಕ ಹತ್ಯಾರ, ಇವರ ಲೀಗ್ ಒಡದೈತಂತ. ನಾಕ ವರ್ಷ ನನ್ನ ಮಗಳು ಇವರ ಕಡೆ ಇರೂದು. ಇವರ ಅಖಾಡ ಗಟ್ಟಿ ಐತೋ ಇಲ್ಲೋ?"

ಅವಳು ಕೇಳಿದಳು. ಉತ್ತರ ತನಗೆ ಗೊತ್ತೇ ಇದೆ ಎನ್ನುವ ಹಾಗೆ ನಗುತ್ತಲೇ ಕೇಳಿದಳು.

ಲೀಗ್ ಒಡೆದದ್ದು ಊರಿಗೆಲ್ಲ ಗೊತ್ತಿತ್ತು. ತಲೆಮಾರುಗಳಿಂದ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದ ಹತ್ತು ಕಾಲೇಜುಗಳಲ್ಲಿ ಎಂಟು, ಒಂದೇ ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿದ್ದವು. ಫುಟ್‌ಬಾಲ್ ತೋರಿಸುವ ಹಕ್ಕಿಗಾಗಿ ಟಿವಿಯವರು ದೇಶದ ಆ ತುದಿಯ ಲೀಗುಗಳಿಗೆ ಸುರಿಯುತ್ತಿದ್ದ ದುಡ್ಡಿನ ಕಡೆಗೆ ನಾಚಿಕೆಯಿಲ್ಲದೆ ಓಡಿದ್ದವು. ಹಿಂದೆ ಬಿದ್ದ ಎರಡರಲ್ಲಿ ಡೇನನ ವಿಶ್ವವಿದ್ಯಾಲಯ ಒಂದು. ಹಳೆಯ ಲೀಗಿನ ಖಜಾನೆಯಲ್ಲಿ ಉಳಿದದ್ದು ಯಾರಿಗೆ ಎಂದು ಈಗ ಕೋರ್ಟಿನಲ್ಲಿ ಜಗಳ. ಆ ಹಣ ನಮಗೆ ಸಿಕ್ಕರೆ ನಮ್ಮ ಎಲ್ಲ ತಂಡಗಳನ್ನೂ ಉಳಿಸಿಕೊಳ್ಳುತ್ತೇವೆ ಎಂದು ವಿಶ್ವವಿದ್ಯಾಲಯ ನ್ಯಾಯಾಧೀಶರ ಮುಂದೆ ಕೈಮುಗಿದಿತ್ತು.

ಊರಿಗೆ ಗೊತ್ತಿಲ್ಲದ್ದು ಕಳೆದ ಮಂಗಳವಾರದ್ದು. ಕ್ರೀಡಾಂಗಣದ ಮೇಲಿನ ಗಾಜಿನ ಕೋಣೆಗೆ ಕುಸ್ತಿ, ಈಜು, ದೋಣಿ ಸ್ಪರ್ಧೆಯ ಕೋಚ್‌ಗಳನ್ನು ಕರೆಸಿ, ಬರುವ ವರ್ಷದಿಂದ ಈ ಮೂರೂ ಇರುವುದಿಲ್ಲ ಎಂದರು ವಿಶ್ವವಿದ್ಯಾಲಯದ ಅಧಿಕಾರಿಗಳು. ಕೆಳಗೆ ಫುಟ್‌ಬಾಲ್ ಮೈದಾನಕ್ಕೆ ಹೊಸ ಹುಲ್ಲು ಹಾಸುತ್ತಿದ್ದರು. ಹಾಗೆಂದವರಲ್ಲಿ ಒಬ್ಬನೂ ಜೀವಮಾನದಲ್ಲಿ ಒಮ್ಮೆ ಕುಸ್ತಿಯ ಚಾಪೆಗೆ ಬೆನ್ನು ತಾಗಿಸಿಕೊಂಡವನಲ್ಲ. ತೀರ್ಪು ಬರುವವರೆಗೆ ಯಾರೂ ತುಟಿ ಬಿಚ್ಚಕೂಡದು, ಹೊರಗೆ ಗೊತ್ತಾದರೆ ಮೊಕದ್ದಮೆಯೇ ಬಿದ್ದುಹೋಗುತ್ತದೆ ಎಂದ ಅವರ ವಕೀಲ. ಹೊಸ ಮಕ್ಕಳ ಮನೆಗೆ ಹೋಗುವುದನ್ನೂ ನಿಲ್ಲಿಸಬೇಡಿ, ಅನುಮಾನ ಬರುತ್ತದೆ ಎಂದ. ಯಾರಾದರೂ ಕೇಳಿದರೆ ಹೇಳಬೇಕಾದ ಮಾತನ್ನೂ ಅವನೇ ಬಾಯಿಪಾಠ ಮಾಡಿಸಿದ್ದ. ಬೇರೆ ಏನಾದರೂ ಹೇಳಿದವನ ಕೆಲಸ ಅಂದೇ ಹೋಗುತ್ತದೆ. ಡೇನನ ಹೆಂಡತಿಗೆ ಏಳು ತಿಂಗಳು. ಆಸ್ಪತ್ರೆಯ ವಿಮೆ ವಿಶ್ವವಿದ್ಯಾಲಯದ್ದು.

ಡೇನ್ ಬಾಯೊರೆಸಿಕೊಂಡ. "ಎಲ್ಲ ಕ್ರೀಡೆಗಳ ಭವಿಷ್ಯವೂ ಪರಿಶೀಲನೆಯಲ್ಲಿದೆ. ವಿಶ್ವವಿದ್ಯಾಲಯವು ತನ್ನ ಕ್ರೀಡಾಪಟುಗಳ ಹಿತಕ್ಕೆ ಸದಾ ಬದ್ಧವಾಗಿದೆ."

ಅರಾಸೆಲಿ ತಂದೆಯ ಕಡೆ ತಿರುಗಿ ಬಾಯಿ ತೆರೆದಳು. ಮುಚ್ಚಿದಳು.

"ಇನ್ನೊಂದ್ಸಲ ಹೇಳಿ ಕೋಚ್."

ಅವನು ಹೇಳಿದ. ಎರಡನೆಯ ಸಲ ಅದು ಇನ್ನೂ ಟೊಳ್ಳಾಗಿ ಕೇಳಿಸಿತು.

"ಪರಿಶೀಲನೆ ಅಂದ್ರೆ? ಯಾರು ಏನನ್ನ ನೋಡ್ತಿದಾರೆ?"

"ಅದು... ಹಾಗೇ ಹೇಳಮ್ಮ. ನಾನು ಹೇಳಿದ ಹಾಗೇ."

"ಆಗಲ್ಲ ಕೋಚ್." ಅವಳ ನಗು ಇನ್ನೂ ಇತ್ತು, ಆದರೆ ಅಂಚು ಸವೆಯತೊಡಗಿತ್ತು. "ನಮ್ಮಜ್ಜಿ ಕಾಯಿಲೆ ವಿಷಯ ಡಾಕ್ಟ್ರು ಹೀಗೇ ಸುತ್ತಿ ಬಳಸಿ ಹೇಳಿದ್ರು. ನನಗಾಗ ಹನ್ನೊಂದು ವರ್ಷ. ಅವರು ಹೇಳಿದ ಹಾಗೇ ಹೇಳ್ದೆ. ಅಜ್ಜಿ ವಾಸಿ ಆಗ್ತಾಳೆ ಅಂತ ಮನೇಲೆಲ್ಲ ಖುಷಿಪಟ್ರು. ಅವತ್ತಿಂದ ನನಗೆ ಅರ್ಥ ಆಗ್ದೇ ಇರೋದನ್ನ ನಾನು ಇವರಿಗೆ ಹೇಳಲ್ಲ."

"ಏನಂತಾನ?" ಎಂದ ಎವರಿಸ್ತೋ.

"ತಡಿ ಪಪ್ಪಾ, ಕೇಳಾಕ ಹತ್ತೀನಿ."

"ಐತಿ, ಇಲ್ಲ ಅನ್ನಾಕ ಇಷ್ಟ ಹೊತ್ತ? ನಮ್ಮ ಪಾದ್ರಿನೂ ಇಷ್ಟು ಎಳ್ಯೂದಿಲ್ಲ."

"ಉಣ್ಣೂ ಮನಿಷ್ಯಾಗ ಮಾತಾಡಸಬ್ಯಾಡ್ರಿ," ಎಂದಳು ಎಲೋಯ್ಸಾ, ಒಲೆಯ ಕಡೆಯಿಂದ. "ಗಂಟಲಾಗ ಸಿಕ್ಕೊಂಡೀತು. ಆಮ್ಯಾಲ ನಮ್ಮ ಮ್ಯಾಲ ಕೇಸ್ ಹಾಕ್ತಾನ."

ಗಂಡ ಹೆಂಡತಿ ಇಬ್ಬರೂ ನಕ್ಕರು. ಡೇನನಿಗೆ ಒಂದು ಪದವೂ ತಿಳಿಯಲಿಲ್ಲ. ತನ್ನನ್ನು ಕುರಿತು ನಗುತ್ತಿದ್ದಾರೆ, ಪ್ರೀತಿಯಿಂದ ನಗುತ್ತಿದ್ದಾರೆ ಎಂಬುದಷ್ಟೇ ತಿಳಿಯಿತು. ಅವನು ಚಮಚ ಕೆಳಗಿಟ್ಟ.

"ಕುಸ್ತಿ ಇರಲ್ಲ," ಎಂದ. "ಬರೋ ವರ್ಷದಿಂದ ತಂಡಾನೇ ಇರಲ್ಲ. ಮುಚ್ತಿದಾರೆ. ಇದನ್ನ ನಾನು ಹೇಳಿದೆ ಅಂತ..." ಉಳಿದದ್ದನ್ನು ನುಂಗಿಕೊಂಡ.

ಅರಾಸೆಲಿಯ ನಗು ತಕ್ಷಣ ಹೋಗಲಿಲ್ಲ. ತೆಗೆಯಲು ಮರೆತ ಹಾಗೆ ಸ್ವಲ್ಪ ಹೊತ್ತು ಮುಖದ ಮೇಲೇ ಉಳಿಯಿತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಮಂಗಳವಾರ."

"ನೆಬ್ರಾಸ್ಕಾ ಕಾಲೇಜಿನವರಿಗೆ ನಾನು ಬರಲ್ಲ ಅಂತ ಫೋನ್ ಮಾಡಿದ್ದು ಶುಕ್ರವಾರ."

ಡೇನ್ ಮೆಕ್ಕೆಜೋಳದ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಸರಿಸಿದ.

"ಅವರು ಪೂರ್ತಿ ಫೀಸು, ಊಟ, ರೂಮು ಎಲ್ಲ ಕೊಡ್ತೀವಿ ಅಂದಿದ್ರು. ಬರಲ್ಲ ಅಂದೆ. ಅಂದು ನಿಮಗೆ ಮೆಸೇಜ್ ಹಾಕ್ದೆ. ನೀವು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ರಿ."

"ಅರಾಸೆಲಿ, ನನಗೆ..."

"ಈಗ ಹೇಳ್ತಿದೀರಿ. ನಮ್ಮಮ್ಮ ಮಾಡಿದ್ದು ಮೂರು ತಿಂದಾದ ಮೇಲೆ." ಅವಳ ದನಿ ಏರಲಿಲ್ಲ. ಏರಿದ್ದರೆ ತಂದೆಗೆ ಗೊತ್ತಾಗುತ್ತಿತ್ತು. ಹಾಪ್ಸ್ ತೋಟದ ಅಟ್ಟದ ಮೇಲಿರುವವರಿಗೂ ನೆಲದ ಮೇಲಿರುವವರಿಗೂ, ನನ್ನ ಮಗಳು ದೊಡ್ಡ ಕಾಲೇಜಿನ ಪೈಲ್ವಾನಳು ಎಂದು ಅವನು ವಾರವಿಡೀ ಕೂಗಿ ಹೇಳಿಕೊಂಡು ತಿರುಗಿದ್ದ.

"ಏನವ್ವಾ, ಏನಾತು?" ಎವರಿಸ್ತೋ ಈಗ ನಗುತ್ತಿರಲಿಲ್ಲ. ಒಮ್ಮೆ ಮಗಳನ್ನು, ಒಮ್ಮೆ ಡೇನನನ್ನು ನೋಡಿದ.

ಅರಾಸೆಲಿ ಲೋಟದ ನೀರನ್ನು ಪೂರ್ತಿ ಕುಡಿದಳು. ಕುಡಿದು ತಂದೆಯ ಕಡೆ ತಿರುಗಿದಳು.

"ನೆಬ್ರಾಸ್ಕಾದ ಮಾಸ್ತರಿಗೆ ಮತ್ತೊಮ್ಮೆ ಕೇಳಿ ನೋಡು ಅನ್ನಾಕ ಹತ್ಯಾರ, ಪಪ್ಪಾ. ನನ್ನ ತೂಕದ ಹುಡಿಗ್ಯಾರು ಅಲ್ಲೆ ಭಾಳ ಅದಾರಂತ. ಅಲ್ಲಾದ್ರ ನಾ ಚಲೋ ಕಲೀತೀನಂತ."

ಎವರಿಸ್ತೋ ನಂಬಲಾರದೆ ಡೇನನ ಮುಖ ನೋಡಿದ. ತಾನೇ ಬೆಟ್ಟ ದಾಟಿ ಬಂದು, ಮನೆಯಲ್ಲಿ ಕೂತು ಉಂಡು, ಇನ್ನೊಬ್ಬರ ಕಡೆ ಹೋಗು ಎನ್ನುವವನು. ಎವರಿಸ್ತೋ ನಿಧಾನವಾಗಿ ತಲೆದೂಗಿದ.

"ತನ್ನ ಕಡೆ ಬಂದ ಪೈಲ್ವಾನನ್ನ ಬ್ಯಾರೆ ಅಖಾಡಕ್ಕ ಕಳಸ್ತಾನಂದ್ರ ದೊಡ್ಡ ಮನಿಷ್ಯಾ ಇದ್ದಾನ. ಹೇಳು ಅವಂಗ. ನಾ ಅಂದೆ ಅಂತ ಹೇಳು."

"ಬ್ಯಾಡ ಬಿಡು ಪಪ್ಪಾ."

"ಹೇಳಂತೀನಲ್ಲ."

ಅರಾಸೆಲಿ ಡೇನನ ಕಣ್ಣಿಗೆ ಕಣ್ಣಿಟ್ಟು ಹೇಳಿದಳು: "ನೀವು ದೊಡ್ಡ ಮನುಷ್ಯರಂತೆ."

ಹೇಳಿ ಕುರ್ಚಿ ಹಿಂದಕ್ಕೆ ತಳ್ಳಿದಳು. ಗೋಡೆಯ ಹತ್ತಿರ ಚಾರ್ಜಿಗೆ ಹಾಕಿದ್ದ ಫೋನು ಕಿತ್ತುಕೊಂಡು ಅಂಗಳಕ್ಕೆ ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಅಡುಗೆಮನೆಯಲ್ಲಿ ಮೂವರು ಉಳಿದರು. ಎಲೋಯ್ಸಾ ಒಲೆ ಆರಿಸಿದಳು. ಕಿಟಕಿಯಾಚೆ ಅರಾಸೆಲಿ ಹಳೆಯ ಟ್ರಕ್ಕಿನ ಪಕ್ಕ ನಿಂತು ನೆಬ್ರಾಸ್ಕಾಕ್ಕೆ ಕರೆ ಮಾಡಿ ಫೋನು ಕಿವಿಗಿಟ್ಟುಕೊಂಡಿದ್ದಳು. ತೆಗೆದಳು, ಒತ್ತಿದಳು, ಮತ್ತೆ ಕಿವಿಗಿಟ್ಟುಕೊಂಡಳು. ಡೇನನಿಗೆ ಎದ್ದು ಹೋಗಬೇಕೆನಿಸಿತು. ಆದರೆ ಹೋಗಬೇಕಾದರೆ ಅವಳ ಪಕ್ಕದಲ್ಲೇ ಹಾದು ಹೋಗಬೇಕಿತ್ತು.

ಎವರಿಸ್ತೋ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ದುಭಾಷಿ ಇಲ್ಲದೆಯೂ ಅತಿಥಿಯನ್ನು ಮಾತಾಡಿಸಬೇಕಲ್ಲ. ಡೇನನ ಕಿವಿಗಳನ್ನು ನೋಡಿದ. ವರ್ಷಗಟ್ಟಲೆ ಚಾಪೆಗೆ ಉಜ್ಜಿ, ಎದುರಾಳಿಗಳ ತಲೆಗೆ ಗುದ್ದಿ, ಹಿಸುಕಿದ ಹಿಟ್ಟಿನ ಮುದ್ದೆಯಂತಾಗಿದ್ದ ಕಿವಿಗಳು. ಎವರಿಸ್ತೋ ತನ್ನ ಕಿವಿಯನ್ನು ಮುಟ್ಟಿಕೊಂಡ. ಡೇನನದನ್ನು ತೋರಿಸಿದ. ಕಿಟಕಿಯಾಚೆ ಮಗಳನ್ನು ತೋರಿಸಿ, ಹುಬ್ಬೇರಿಸಿ ನೋಡಿದ. ಅವಳದೂ ಹೀಗೇ ಆಗುತ್ತದೆಯೆ?

ಡೇನ್ ಇಲ್ಲವೆಂದು ತಲೆಯಾಡಿಸಿದ.

ಎವರಿಸ್ತೋ ನಿರಾಳವಾಗಿ ಅವನ ಭುಜ ತಟ್ಟಿದ. ಹೊರಗೆ ಅರಾಸೆಲಿ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿದಳು. ಅವಳ ತುಟಿ ಇನ್ನೂ ಅಲುಗಿರಲಿಲ್ಲ.