ಎಣಿಕೆಗೆ ಬಾರದ ಹನ್ನೊಂದು ದಿನ

ಕೋರ್ಟಿನ ಕಿಟಕಿಯೊಳಗಿನ ಗುಮಾಸ್ತ ಶಿವಕುಮಾರಿಯ ಕಾಗದಗಳನ್ನು ಎರಡು ಸಲ ತಿರುವಿ ಹಾಕಿ, "ಬಾಯಿ, ಮುದತ್ ಸಂಪಲಿ," ಎಂದ ಮರಾಠಿಯಲ್ಲಿ. ಗಡುವು ಮುಗಿಯಿತು ಎಂಬ ಮಾತನ್ನು ಚಹಾ ಮುಗಿಯಿತು ಎನ್ನುವಷ್ಟೇ ಹಗುರಾಗಿ ಹೇಳಿಬಿಟ್ಟ.

ಇವತ್ತಿಗೆ ಇಪ್ಪತ್ತೆಂಟೇ ದಿನ ಎಂದು ಶಿವಕುಮಾರಿ ತನಗೆ ಬಂದ ಹಿಂದಿಯಲ್ಲಿ ವಾದಿಸಿದಳು. ದಾವೆಗೆ ಉತ್ತರ ಕೊಡಲು ಮೂವತ್ತು ದಿನವಿದೆ ಎಂದು ಸಮನ್ಸಿನಲ್ಲೇ ಬರೆದಿತ್ತು. ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಕುಂಕುಮದ ಚುಕ್ಕೆ ಇಟ್ಟು ಎಣಿಸಿದವಳು ಅವಳು. ಗುಮಾಸ್ತ, ಸಮನ್ಸು ಮುಟ್ಟಿಸುವ ಬೇಲಿಫನ ವರದಿ ತೆಗೆದು ಸರಳಿನ ಆಚೆಯಿಂದ ತೋರಿಸಿದ. ಸಮನ್ಸು ಮುಟ್ಟಿದ್ದು ನಾಲ್ಕನೇ ತಾರೀಖು. ಕೆಳಗೊಂದು ನೀಲಿ ಹೆಬ್ಬೆಟ್ಟು. ಅವಳು ಎಣಿಸಲು ಶುರುಮಾಡಿದ್ದು ಹದಿನೈದರಿಂದ.

ನಡುವಿನ ಹನ್ನೊಂದು ದಿನ ಎಲ್ಲಿ ಹೋದವು ಎಂಬುದು ಅವಳಿಗೆ ಗೊತ್ತಿತ್ತು. ಮೊಹರು ಬಿದ್ದ ಯಾವ ಕಾಗದ ಮನೆಗೆ ಬಂದರೂ ಅತ್ತೆ ಸೋಮವ್ವ ಅದನ್ನು ಮೊದಲು ದೇವರ ಜಗಲಿಯ ಮೇಲಿಡುವವಳು. ರೇಶನ್ ಕಾರ್ಡೂ ಹಾಗೆಯೇ ಒಳಗೆ ಬಂದದ್ದು, ಮಗ ಶಾಂತಪ್ಪನ ಸಾವಿನ ದಾಖಲೆಯೂ ಹಾಗೆಯೇ. ಅವತ್ತು ಸೊಸೆ ಬ್ಯಾಗು ಹೊಲಿಯುವ ಕಾರ್ಖಾನೆಗೆ ಹೋದಾಗ ಬೇಲಿಫ ಬಂದ, ಮುದುಕಿ ಹೆಬ್ಬೆಟ್ಟೊತ್ತಿ ಲಕೋಟೆ ಇಸಿದುಕೊಂಡು ಜಗಲಿಗಿಟ್ಟಳು. ಸಂಜೆಗೆ ಊರು ಇಂಡಿ ಕಡೆಯಿಂದ ಫೋನು, ಸೋಮವ್ವನ ಭಾವ ಮರೆಪ್ಪ ತೀರಿಕೊಂಡನೆಂದು. ಸೂತಕ! ಜಗಲಿಯ ಮೇಲೆ ಬಟ್ಟೆ ಬಿತ್ತು. ಹನ್ನೊಂದು ದಿನ ಯಾರೂ ಅತ್ತ ಕೈ ಹಾಕಲಿಲ್ಲ, ಅಳುವ ಗದ್ದಲದಲ್ಲಿ ಮುದುಕಿಗೆ ಲಕೋಟೆಯ ನೆನಪೂ ಬರಲಿಲ್ಲ. ಹದಿನೈದಕ್ಕೆ ಮನೆ ತೊಳೆದು ಬಟ್ಟೆ ಸರಿಸಿದಾಗ ಸಮನ್ಸು ಸಿಕ್ಕಿತು.

"ಇದು ಯಾವಾಗ ಬಂತತ್ತಿ?" ಎಂದು ಶಿವಕುಮಾರಿ ಕೇಳಿಯೂ ಇದ್ದಳು.

"ಸೂತಕದಾಗಿನ ದಿನ ಎಣಸಾಂಗಿಲ್ಲವಾ. ದೇವರss ಎಣಸಾಂಗಿಲ್ಲ," ಎಂದಿದ್ದಳು ಸೋಮವ್ವ.

ಶಿವಕುಮಾರಿಯೂ ನಂಬಿದಳು. ಹತ್ತನೆಯ ಇಯತ್ತೆ ಓದಿದವಳು, ನಂಬಿದಳು! ವ್ರತವೇ ನಿಂತುಹೋಗುವ ದಿನಗಳಲ್ಲಿ ಕೋರ್ಟಿನ ಲೆಕ್ಕ ಓಡೀತು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಚಾಳು ಕೊಂಡ ಹೊಸ ಮಾಲೀಕ ದಾವೆ ಹಾಕಿ ಕೇಳುತ್ತಿದ್ದದ್ದು ಕುರ್ಲಾದ ಚಾಳಿನ ಅವರ ಖೋಲಿಯನ್ನು. ಹತ್ತಡಿಗೆ ಹನ್ನೆರಡಡಿ; ಅದು ಹೋದರೆ ಇಬ್ಬರು ವಿಧವೆಯರಿಗೆ ಫುಟ್‌ಪಾತೇ ಗತಿ. ವಕೀಲರ ದರ ಕೇಳಿ ಬೆವೆತು ಶಿವಕುಮಾರಿ ತಾನೇ ನಿಂತಿದ್ದಳು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಒಳಗೆ ಕಾಲಿಡುವ ಮೊದಲೇ ಸತ್ತವರ ಬಗ್ಗೆ ಗಾದೆ ಮಾಡಿದವರು ಏನೂ ಹೇಳಿಲ್ಲ.

ತಡ ಯಾಕಾಯಿತೆಂದು ಅರ್ಜಿ ಕೊಡಿ, ಮೂರು ಗಂಟೆಗೆ ಜಡ್ಜ್ ಸಾಹೇಬರು ನೋಡುತ್ತಾರೆ ಎಂದ ಗುಮಾಸ್ತ. ಗೇಟಿನಾಚೆ ಟೈಪು ಮಾಡುವ ರಂಜನಾ ಧಾರವಾಡದ ಕಡೆಯವಳು. ಉತ್ತರ ಟೈಪು ಮಾಡಿಕೊಟ್ಟವಳೂ ಅವಳೇ. ಸಂಗತಿ ಕೇಳಿ ಅವಳು ನಕ್ಕುಬಿಟ್ಟಳು.

"ಸೂತಕ ಅಂತ ಬರದ್ರ ಒಗೀತಾರ ಅಕ್ಕಾ. ಕೋರ್ಟಿಗೆ ಕಾರಣ ಗಟ್ಟಿ ಬೇಕು. ಆ ಹೆಬ್ಬೆಟ್ಟ ನಮ್ಮದಲ್ಲ, ಬಾಜೂಕಿನವರು ಯಾರೋ ಒತ್ತ್ಯಾರ, ನಮಗ ಹದಿನೈದಕ್ಕ ಗೊತ್ತಾತು ಅಂತ ಬರೀತೀನಿ. ಯಾರು ನೋಡ್ಲಿಕ್ಕೆ ಹೋಗ್ತಾರ?"

ಶಿವಕುಮಾರಿ ಗೇಟಿನೊಳಗೆ ಕಣ್ಣು ಹಾಯಿಸಿದಳು. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಸುಳ್ಳು ಹೇಳಲು ಹೆದರಿಕೆ, ನಿಜ ಹೇಳಲು ಇನ್ನೂ ಹೆದರಿಕೆ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು, ಹಿಡಿದುಕೊಂಡಳು. "ಹಾಂಗss ಬರಿಯವ್ವಾ," ಎಂದಳು.

ಖೋಲಿ ಸೋಮವ್ವನ ಹೆಸರಿನಲ್ಲಿದ್ದುದರಿಂದ ಅರ್ಜಿಗೂ ಅವಳದೇ ಹೆಬ್ಬೆಟ್ಟು ಬೇಕಿತ್ತು. ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮುದುಕಿ, "ಇದರಾಗ ಏನೈತಿ?" ಎಂದು ಕೇಳಿದಳು.

"ಖೋಲಿ ಉಳೀಲಿ ಅಂತ ಬರದೈತಿ ಅತ್ತಿ. ಒತ್ತು ಲಗೂನ."

ಮುದುಕಿ ಒತ್ತಿದಳು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಗುಮಾಸ್ತ ಅದರ ಮೇಲೆ ಮೊಹರು ಹೊಡೆದ. ಆಗ ಶಿವಕುಮಾರಿ ನೋಡಿದಳು: ಹೆಬ್ಬೆಟ್ಟಿನ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಹೊಲದಲ್ಲಿ ಕುಡಗೋಲು ತಾಗಿ ಸೀಳಿದ್ದ ಸೋಮವ್ವನ ಹಳೆಯ ಗಾಯ ಅದು. ಹಾಗಾದರೆ ಬೇಲಿಫನ ಕಾಗದದಲ್ಲೂ ಆ ಗೆರೆ ಇರಲೇಬೇಕು. ಅರ್ಜಿ ವಾಪಸು ಕೊಡಿ ಎಂದು ಕಿಟಕಿಯೊಳಗೆ ಕೈ ಹಾಕಿದಳು. ಅಷ್ಟರಲ್ಲಿ ಜವಾನ ಕಟ್ಟನ್ನೆಲ್ಲ ಎತ್ತಿಕೊಂಡು ಒಳಗೆ ಹೋಗಿದ್ದ.

ಕೋರ್ಟ್ ಹಾಲಿನಲ್ಲಿ ಮಾಲೀಕನ ವಕೀಲ ಬೇಲಿಫನ ವರದಿ, ಅರ್ಜಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಜಡ್ಜರ ಮುಂದೆ ಸರಿಸಿದ. ಜಡ್ಜರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಶಿವಕುಮಾರಿ ಅತ್ತೆಯ ಸೆರಗನ್ನು ಬಿಗಿಯಾಗಿ ಹಿಡಿದಳು. ಬಾಯಿ ಬಿಡಬೇಡ ಎಂದು ಮೊದಲೇ ಹೇಳಿಡಬೇಕಿತ್ತು.

"ಆಜಿ, ಹಾ ಅಂಗಠಾ ಕೋಣಾಚಾ?" ಎಂದು ಬೇಲಿಫನ ಹಾಳೆ ಎತ್ತಿ ತೋರಿಸಿ ಕೇಳಿದರು ಜಡ್ಜರು. ಅಜ್ಜಿ, ಈ ಹೆಬ್ಬೆಟ್ಟು ಯಾರದು?

ನಲವತ್ತು ವರ್ಷ ಕುರ್ಲಾದಲ್ಲಿ ಬದುಕಿದ ಸೋಮವ್ವನಿಗೆ ಅಷ್ಟು ಮರಾಠಿ ಬರುತ್ತಿತ್ತು. ಮಸಿ ಹತ್ತಿದ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು.

"ಮಾಝಾಚ್ ಸಾಹೇಬ. ದೋನಿ ಮಾಝೇ." ಎರಡೂ ನನ್ನವೇ. ಸೂತಕವಿತ್ತು, ಭಾವ ಸತ್ತಿದ್ದ, ಕಾಗದ ದೇವರ ಮುಂದಿತ್ತು, ಹನ್ನೊಂದು ದಿನ ಮುಟ್ಟಲಿಲ್ಲ ಎಂದು ಹರಕು ಮರಾಠಿಯಲ್ಲಿ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು.

ಜಡ್ಜರು ಶಿವಕುಮಾರಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

"ಹೇಚ್ ಲಿಹಾಯಚಂ ಹೋತಂ, ಬಾಯಿ," ಎಂದರು. ಇದನ್ನೇ ಬರೆಯಬೇಕಿತ್ತು. ತೊಂಬತ್ತು ದಿನದವರೆಗೆ ತಡವನ್ನು ಮನ್ನಿಸುವ ಅಧಿಕಾರ ತಮಗಿತ್ತು, ಆದರೆ ಸುಳ್ಳಿನ ಮೇಲೆ ಮನ್ನಿಸುವುದು ಹೇಗೆ ಎಂದರು. ಅರ್ಜಿ ವಜಾ. ಉತ್ತರ ದಾಖಲೆಗೆ ಹೋಗುವುದಿಲ್ಲ; ಇನ್ನು ಮಾಲೀಕನ ಮಾತಷ್ಟೇ ಕೋರ್ಟಿನ ಎದುರಿಗಿರುತ್ತದೆ. ಮುಂದಿನ ಕೇಸು ಕೂಗಿದರು.

ಹೊರಗೆ ಮೆಟ್ಟಿಲ ಮೇಲೆ ಸೋಮವ್ವ ಹೆಬ್ಬೆರಳನ್ನು ಸೆರಗಿಗೆ ಉಜ್ಜಿಕೊಳ್ಳುತ್ತಿದ್ದಳು. ಜಡ್ಜರ ಕೊನೆಯ ಮಾತು ಅವಳಿಗೆ ತಿಳಿದಿರಲಿಲ್ಲ, ಮುಖ ಅರಳಿತ್ತು.

"ನೋಡಿದೇನ, ನೀ ಸುಮ್ಮನ ಹೆದರಿದಿ. ನಾ ಇದ್ದದ್ದು ಇದ್ದಾಂಗ ಹೇಳಿದ್ನಿ, ಎಷ್ಟು ಸಮಾಧಾನದಿಂದ ಕೇಳಿದ್ರು. ಖೋಲಿ ಉಳೀತಲ್ಲ?"

ಶಿವಕುಮಾರಿ ಅತ್ತೆಯ ಕೈ ಹಿಡಿದು ಮೆಟ್ಟಿಲು ಇಳಿಸತೊಡಗಿದಳು. ಮುದುಕಿಯ ಹೆಬ್ಬೆರಳಿನ ಮಸಿ ಅವಳ ಕೈಗೂ ಹತ್ತಿತು.