ಹೆಸ್ಟರಮ್ಮನ ಎರಡು ಉಯಿಲು

ಮತ್ತೆ ಸಿಳ್ಳೆ ಹಾಕಿತು ಹೆಸ್ಟರಮ್ಮನ ಕಿವಿಯೊಳಗಿನ ಯಂತ್ರ, ಸಣ್ಣಗೆ, ಎಳೆದಂತೆ, ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೂತಿದ್ದ ನಾಲ್ಕು ಜನ ತಿರುಗಿ ನೋಡಿದರು, ಉಯಿಲು ಬರೆದುಕೊಟ್ಟ ಅಂಜನ ಮಾತ್ರ ನೋಡಲಿಲ್ಲ, ಅವಳ ಕಣ್ಣು ಮಡಿಲಲ್ಲಿದ್ದ ಫೈಲಿನ ಮೇಲೇ — ಎಂಬತ್ತೊಂದು ವರ್ಷದ ಕಿವಿ ಅದು, ತಿರುನೆಲ್ಲಿಯ ಹೊಳೆಯಂಚಲ್ಲಿ ಕೂತು ಕಪ್ಪೆಗಳನ್ನು ಕೂಗಿನಿಂದಲೇ ಬೇರೆಬೇರೆ ಮಾಡುತ್ತಿದ್ದ ಕಿವಿ, ಅಲ್ಲ, ಬೇರೆ ಮಾಡುತ್ತಿದ್ದದ್ದು ಜೊತೆಗೆ ಬರುತ್ತಿದ್ದ ಕರಿಯನ್, ನಾನು ಬರೀ ಬರಕೊಂತಿದ್ದೆ ಎಂದು ಹೆಸ್ಟರಮ್ಮ ಕೇಳಿದವರಿಗೆಲ್ಲ ಹೇಳುತ್ತಾರೆ, ಅದೂ ಕನ್ನಡದಲ್ಲಿ, ಇಂಗ್ಲೆಂಡಿನ ಮುದುಕಿಯ ಬಾಯಲ್ಲಿ ಕಾಡಿನವರ ಕನ್ನಡ, ಕರಿಯನ್‌ನಿಂದ ಕಲಿತದ್ದು, ಬತ್ತದೆ, ಹೋತದೆ, ಆತದೆ, ಮೊದಲ ಸಲ ಕೇಳಿದಾಗ ಅಂಜನಳಿಗೆ ನಗು ಬಂದಿತ್ತು, ಆಮೇಲೆ ಎಂಥದೋ ಹೆಮ್ಮೆ, ಮಾನಂತವಾಡಿಯ ಈ ಬೀದಿಯಲ್ಲಿ ತನ್ನ ಮನೆಯವರನ್ನು ಬಿಟ್ಟರೆ ಕನ್ನಡ ಆಡುವವರು ಎಷ್ಟು ಜನ, ಶಾಲೆಯಲ್ಲಿ ಮಲಯಾಳ, ಕಚೇರಿಯಲ್ಲಿ ಮಲಯಾಳ, ಬಸದಿಯಲ್ಲಿ ಮತ್ತು ಅಡುಗೆಮನೆಯಲ್ಲಿ ಮಾತ್ರ ಕನ್ನಡ, ಈಗ ನೋಡಿದರೆ ಉಯಿಲು ಬರೆಸಲು ಬಂದ ಬಿಳಿ ಹೆಂಗಸು ಮೋಳೇ, ಕೂತ್ಕೋ, ಎನ್ನುತ್ತಿದ್ದಾರೆ, ಮಗಳೇ ಎನ್ನುವುದೊಂದು ಮಾತ್ರ ಮಲಯಾಳದಲ್ಲಿ. ಟೋಕನ್ ಒಂಬತ್ತು ಒಳಗೆ ಹೋಯಿತು. ತಮ್ಮದು ಹನ್ನೊಂದು. ಇನ್ನೊಮ್ಮೆ ಓದಲೇ, ಬೇಡ, ಆರು ಸಲ ಓದಿಯಾಗಿದೆ, ಪ್ರತಿಯೊಂದು ಅಲ್ಪವಿರಾಮವೂ ಗೊತ್ತು, ಆದರೂ ಬೆರಳು ತಾನಾಗಿ ಮೂರನೆಯ ಪುಟಕ್ಕೆ ಹೋಗುತ್ತದೆ, ಅಲ್ಲಿ, ಆ ಸಾಲು ಇದ್ದ ಜಾಗಕ್ಕೆ.

ಆ ಸಾಲು ಕೊಚ್ಚಿಯಿಂದ ಬಂದದ್ದು. ಹತ್ತು ದಿನದ ಹಿಂದೆ, ಮಧ್ಯಾಹ್ನ, ಕಾಟ್ಟಿಕುಳದಿಂದ ಜೀಪಿನಲ್ಲಿ ಬಂದು ಹೆಸ್ಟರಮ್ಮ ಅಂಜನಳ ಮೇಜಿನ ಮೇಲೆ ಕಾಗದ ಇಟ್ಟರು, ದೊಡ್ಡ ವಕೀಲರು ಬರೆದುಕೊಟ್ಟಿದ್ದಾರೆ, ನೀನು ಟೈಪ್ ಮಾಡಿ ರಿಜಿಸ್ಟರ್ ಮಾಡಿಸು ಅಷ್ಟೇ, ಅಷ್ಟೇ ಎಂದರೆ ಅಷ್ಟೇ ಮಾಡಬಹುದಿತ್ತು, ಆಧಾರ, ಎಂದರೆ ದಸ್ತಾವೇಜು, ಬರೆಯುವವರ ಲೈಸೆನ್ಸಿಗೆ ಅಷ್ಟು ಸಾಕು, ಆದರೆ ಅಪ್ಪ ಹಾಗೆ ಕಲಿಸಿರಲಿಲ್ಲ, ಅಪ್ಪ ಪದ್ಮಪ್ಪ, ಇದೇ ಕುರ್ಚಿಯಲ್ಲಿ ನಲವತ್ತೆರಡು ವರ್ಷ ಕೂತವರು, ಯಾವ ಕಾಗದವನ್ನೂ ಎರಡು ಸಲ ಗಟ್ಟಿಯಾಗಿ ಓದುತ್ತಿದ್ದರು, ಮೊದಲನೆಯ ಸಲ ಕಣ್ಣು ಕಾಗದದ ಮೇಲೆ, ಎರಡನೆಯ ಸಲ ಕಣ್ಣು ಬರೆಸಿದವರ ಮುಖದ ಮೇಲೆ, ಯಾವ ಪದಕ್ಕೆ ಮುಖ ಅಲುಗುತ್ತದೆ ನೋಡು ಮಗಾ, ಅಲ್ಲಿ ನಿಲ್ಲು. ಅಂಜನ ಓದಿದಳು. ಕಾಟ್ಟಿಕುಳದ ಎಂಟು ಸೆಂಟ್ ಜಾಗ, ಅದರಲ್ಲಿರುವ ಹೆಂಚಿನ ಮನೆ, ಬ್ಯಾಂಕಿನಲ್ಲಿರುವ ಠೇವಣಿ, ಕಪ್ಪೆಗಳ ಕೂಗು ಹಿಡಿದಿಟ್ಟ ಮುನ್ನೂರು ಚಿಲ್ಲರೆ ಕ್ಯಾಸೆಟ್ಟು, ಎಲ್ಲ ಕರಿಯನ್‌ಗೆ, ಮೂವತ್ತೊಂದು ವರ್ಷ ಜೊತೆಗೆ ಕಾಡು ಸುತ್ತಿದವನಿಗೆ, ಇಲ್ಲಿ ಮುಖ ಅರಳಿತು, ಸರಿ, ಮುಂದೆ, ನಾನು ಈ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ಈ ಮೂಲಕ ರದ್ದುಪಡಿಸುತ್ತೇನೆ. ಮುಖ ಅಲುಗಲಿಲ್ಲ. ಅಂಜನಳ ಒಳಗೇ ಏನೋ ಅಲುಗಿತು, ಅಮ್ಮಾ, ಬೇರೆ ಉಯಿಲು ಉಂಟಾ ನಿಮಗೆ? ಉಂಟಲ್ಲ, ಇಂಗ್ಲೆಂಡಲ್ಲಿ, ಅಲ್ಲಿರೋ ಮನೆ ತಂಗಿ ರೂತ್‌ಗೆ, ಓಳು ಅಲ್ಲೇ ಇರೋದು. ಅಂಜನ ಪೆನ್ನು ಕೆಳಗಿಟ್ಟಳು.

ಎಷ್ಟು ಸಣ್ಣ ಸಾಲು, ಯಾವ ಉಯಿಲಿನಲ್ಲೂ ಇರುವ ಸಾಲು, ಅಪ್ಪನೂ ಬರೆದಿದ್ದಾರೆ, ತಾನೂ ನೂರಾರು ಸಲ ಬರೆದಿದ್ದಾಳೆ, ಕೇಣಿಚಿರದ ಕಾಳುಮೆಣಸಿನ ವ್ಯಾಪಾರಿಗೆ ಬರೆದಾಗ ಅದು ಸರಿಯೇ, ಅವನ ಆಸ್ತಿಯೆಲ್ಲ ಇಲ್ಲೇ ಇತ್ತು, ಆದರೆ ಎರಡು ದೇಶದಲ್ಲಿ ಮನೆ ಇರುವವರು ಇಲ್ಲಿ ಕೂತು ಎಲ್ಲ ಎಂದು ಬರೆದರೆ ಆ ಎಲ್ಲ ಎನ್ನುವುದು ಸಮುದ್ರ ದಾಟಿ ಹೋಗುತ್ತದೆ, ಅಲ್ಲಿಯ ಉಯಿಲನ್ನು ಅಳಿಸಿ ಹಾಕುತ್ತದೆ, ಉಯಿಲಿಲ್ಲದ ಮನೆ ಯಾರಿಗೆ ಅಮ್ಮಾ, ನಿಮ್ಮ ಕಾನೂನಿನಲ್ಲಿ? ಎದುರಿನ ಅಂಗಡಿಯಲ್ಲಿ ಯಾರೋ ನೇಂದ್ರಬಾಳೆಯ ಗೊನೆ ಇಳಿಸುತ್ತಿದ್ದರು, ಹೆಸ್ಟರಮ್ಮ ಅದನ್ನು ನೋಡುತ್ತಲೇ ಹೇಳಿದರು, ಗಂಡನಿಗೆ. ಇದ್ದಾರಾ? ಇದಾನೆ, ನಲವತ್ತು ವರ್ಸ ಆತು ಬಿಟ್ಟುಹೋಗಿ, ಡೈವೋರ್ಸ್ ಮಾಡಾಕೆ ಇಬ್ಬರಿಗೂ ಬೇಜಾರು, ಕಾಗದದಲ್ಲಿ ಇನ್ನೂ ಗಂಡನೇ. ಅಂಜನ ಕೊಚ್ಚಿಗೆ ಫೋನು ಹಚ್ಚಿದಳು, ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟಳು, ಸರ್, ಇದರಲ್ಲಿ ಇಂಡಿಯಾದ ಆಸ್ತಿಗೆ ಮಾತ್ರ ಎಂದು ಸೇರಿಸಬೇಕು, ಇಂಗ್ಲೆಂಡಿನ ಉಯಿಲು ಹಾಗೇ ಉಳಿಯುತ್ತದೆ ಎಂದೂ, — ಆಚೆ ಕಡೆ ನಗು, ಅಕ್ಕಾ ಎನ್ನುವ ಚೇಚಿಯಲ್ಲೂ ನಗು, ಅದು ವಾಡಿಕೆಯ ಸಾಲು ಚೇಚಿ, ನಿಮ್ಮ ಕೆಲಸ ಟೈಪ್ ಮಾಡುವುದು, ವಯನಾಡಿನಲ್ಲಿ ಆಧಾರ ಬರೆಯುವವರು ಇಂಗ್ಲೆಂಡಿನ ಕಾನೂನು ಯಾವಾಗಿನಿಂದ ಓದಿದರು? ಅಪ್ಪನಿಗೂ ಹಾಗೇ ಅಂದಿದ್ದರಂತೆ, ಹೊಸದಾಗಿ ಲೈಸೆನ್ಸು ಸಿಕ್ಕಾಗ, ಕನ್ನಡದವನು ಮಲಯಾಳದಲ್ಲಿ ಆಧಾರ ಬರೆಯುತ್ತಾನಂತೆ, ಅಪ್ಪ ಮಾತಾಡದೆ ಹನ್ನೆರಡು ಪುಟದ ಭಾಗಪತ್ರ ಒಂದೂ ಚಿತ್ತಿಲ್ಲದೆ ಬರೆದು ಅವರ ಮುಂದೆ ಇಟ್ಟರು, ಆಮೇಲೆ ಯಾರೂ ಅನ್ನಲಿಲ್ಲ. ಅಂಜನಳೂ ಅದನ್ನೇ ಮಾಡಿದಳು. ಫೋನು ಇಟ್ಟು, ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ತನ್ನ ಇಂಗ್ಲಿಷಿನಲ್ಲಿ, ಯಾರ ಪಾಠಕ್ಕೂ ಹೋಗದೆ ಹಳೆಯ ಕಾಗದಗಳನ್ನು ಓದಿ ಓದಿ ಕಲಿತ ಇಂಗ್ಲಿಷಿನಲ್ಲಿ, ಮೂರು ಸಾಲು ಬರೆದಳು, ಇದು ಇಂಡಿಯಾದಲ್ಲಿರುವ ನನ್ನ ಆಸ್ತಿಗೆ ಮಾತ್ರ ಸಂಬಂಧಪಟ್ಟದ್ದು, ಇಂಗ್ಲೆಂಡಿನಲ್ಲಿರುವ ಆಸ್ತಿಗೆ ನಾನು ಬರೆದ ಉಯಿಲನ್ನು ಇದು ಮುಟ್ಟುವುದಿಲ್ಲ, ರದ್ದೂ ಮಾಡುವುದಿಲ್ಲ. ಅಮ್ಮಾ, ಎರಡನ್ನೂ ನಿಮ್ಮ ಊರಿನ ವಕೀಲರಿಗೆ ಕಳಿಸಿ, ಕೊಚ್ಚಿಯವರದು, ನನ್ನದು, ಎರಡೂ, ಅವರು ಹೇಳಲಿ.

ನಾಲ್ಕು ದಿನ. ನಾಲ್ಕು ದಿನವೂ ಅನ್ನ ರುಚಿಸಲಿಲ್ಲ, ಎಲ್ಲಿ ತಪ್ಪಿದೆನೋ, ತಪ್ಪಿದ್ದರೆ ಬೀದಿಯಲ್ಲಿ ತಲೆ ಎತ್ತುವುದು ಹೇಗೆ, ಐದನೆಯ ದಿನ ಹೆಸ್ಟರಮ್ಮನದೇ ಫೋನು, ನಮ್ಮೂರ ವಕೀಲರ ಉತ್ತರ ಬಂದದೆ, ಓದ್ತೀನಿ ಕೇಳು ಮೋಳೇ, ನಿಮ್ಮ ದಸ್ತಾವೇಜು ಬರೆಯುವವರು ಹೇಳಿದ್ದು ಸರಿ, ಮೊದಲಿನದಕ್ಕೆ ಸಹಿ ಹಾಕಿದ್ದರೆ ನಿಮ್ಮ ತಂಗಿ ಮನೆ ಕಳೆದುಕೊಳ್ಳುವ ಅಪಾಯವಿತ್ತು, ಅವರ ಮೂರು ಸಾಲನ್ನು ನಾನು ತಿದ್ದಬೇಕಾಗಿಲ್ಲ, — ತಿದ್ದಬೇಕಾಗಿಲ್ಲ, ಅಂಜನ ಫೋನು ಹಿಡಿದು ನಿಂತೇ ಇದ್ದಳು, ತಿದ್ದಬೇಕಾಗಿಲ್ಲ, ಎಲ್ಲಿಂದಲೋ ಎಲ್ಲಿಗೋ ಹೋಗಿ ಬಂದ ತನ್ನ ಮೂರು ಸಾಲು, ಇಂಗ್ಲಿಷರ ಊರಿನಲ್ಲಿ ಇಂಗ್ಲಿಷರ ವಕೀಲ ಒಂದು ಚುಕ್ಕಿಯನ್ನೂ ಮುಟ್ಟದ ಮೂರು ಸಾಲು, ಅಪ್ಪಾ, ಕೇಳಿಸಿತಾ, ಬೀರುವಿನ ಮೇಲೆ ಹಾರ ಹಾಕಿದ ಫೋಟೋದಲ್ಲಿ ಅಪ್ಪ ಎಂದಿನಂತೆ ಸ್ವಲ್ಪ ಗಂಟುಮುಖ. ಆಮೇಲೆ ಕೊಚ್ಚಿಯಿಂದ ವಕೀಲರ ಸಹಾಯಕನ ಫೋನು, ದನಿ ಮೆತ್ತಗೆ, ತಿದ್ದಿದ್ದೇವೆ ಚೇಚಿ, ಕೊನೆಯಲ್ಲಿ ತಯಾರಿಸಿದವರು ಎನ್ನುವ ಕಡೆ ಸಾರ್ ಹೆಸರೇ ಇರಲಿ, ಹೆಸ್ಟರಮ್ಮ ಅದನ್ನು ಕೇಳಿದ್ದೇ ತಡ, ಬರದೋಳ ಹೆಸರು ಇಲ್ದೆ ನಾನು ಒಪ್ಪು ಇಡಾಕಿಲ್ಲ ಅಂತ ಹೇಳು, ಎಂದರು, ಒಪ್ಪು ಎಂದರೆ ಸಹಿ, ಮಲಯಾಳದ ಮಾತು, ಅವರ ಬಾಯಲ್ಲಿ ಅದು ಕನ್ನಡದ್ದೂ ಆಗಿಬಿಡುತ್ತದೆ.

ಟೋಕನ್ ಹತ್ತು. ಜೊತೆಗೆ ಬಂದ ಕರಿಯನ್ ಜಗಲಿಯ ಕಂಬಕ್ಕೆ ಒರಗಿ ಇನ್ನೂ ಆಚೆ ನೋಡುತ್ತಿದ್ದಾನೆ, ಬೆಳಿಗ್ಗೆಯಿಂದ ಮುನಿಸು, ತಪ್ಪು ಅಂಜನಳದೇ, ಮೊದಲೇ ಹೇಳಬೇಕಿತ್ತು, ಬಂದವನೇ ಪೆನ್ನು ತೋರಿಸಿದ, ಸಾಕ್ಷಿ ಒಪ್ಪು ನಾನೇ ಹಾಕ್ತೀನಿ ಅಂಜನಮ್ಮ, ಐದು ದಿನ ಬರ್ದು ಬರ್ದು ಕಲ್ತಿದೀನಿ, ಅಂಗೈ ತೋರಿಸಿದ, ಅಲ್ಲಿಯೂ ಬರೆದುಕೊಂಡಿದ್ದ, ಸೊಟ್ಟ ಅಕ್ಷರದಲ್ಲಿ, ಕ, ರಿ, ಯ, ನ್. ನೀನು ಹಾಕಬಾರದು ಕರಿಯಾ. ಯಾಕೆ? ಮನೆ ಸಿಗುವವರು ಸಾಕ್ಷಿ ಹಾಕಿದರೆ ಆ ಮನೆ ಅವರಿಗೆ ಸಿಗೋದಿಲ್ಲ, ಕಾನೂನು ಹಾಗೆ. ಹಂಗಾರೆ ನಂಗೆ ಮನೆ ಬ್ಯಾಡ, ಒಪ್ಪೇ ಇಡ್ತೀನಿ, ಮೂವತ್ತೊಂದು ವರ್ಸ ಇವರ ಸಂಗಡ ಇದ್ದೋನು ನಾನು, ಸಾಕ್ಷಿ ಬ್ಯಾರೆಯೋರಾ? ಅಂಜನ ಆಗಲೇ ನೆರೆಮನೆಯ ಮೀನಾಕ್ಷಿ ಟೀಚರನ್ನೂ ಝೆರಾಕ್ಸ್ ಅಂಗಡಿಯ ಮೋಹನನ್‌ನನ್ನೂ ಸಾಕ್ಷಿಗೆ ಕರೆಸಿದ್ದಳು, ಕಚೇರಿಗೆ ಬರುವ ಮೊದಲೇ ತನ್ನ ಮೇಜಿನಲ್ಲಿ ಹೆಸ್ಟರಮ್ಮ ಅವರಿಬ್ಬರ ಎದುರಿಗೆ ಸಹಿ ಹಾಕಿದರು, ಅವರಿಬ್ಬರೂ ಹಾಕಿದರು, ಕರಿಯನ್ ಬಾಗಿಲ ಹೊರಗೆ ನಿಂತು ಮೂರು ಪೆನ್ನು ಓಡುವುದನ್ನು ಕೇಳಿಸಿಕೊಂಡ, ಕಪ್ಪೆಯ ಕೂಗು ಕೇಳುವವನಿಗೆ ಪೆನ್ನಿನ ಸದ್ದು ಕೇಳಿಸದೇ ಇರುತ್ತದೆಯೇ.

ಹನ್ನೊಂದು. ಒಳಗೆ ರಿಜಿಸ್ಟ್ರಾರ್ ಗ್ರೀಷ್ಮ, ಚಿಕ್ಕ ವಯಸ್ಸಿನವಳು, ಫೈಲು ತಿರುವಿ ಮೂರನೆಯ ಪುಟದಲ್ಲಿ ನಿಂತಳು, ಕನ್ನಡಕ ಏರಿಸಿ ಮತ್ತೆ ಓದಿದಳು, ಇದು ಚೆನ್ನಾಗಿದೆಯಲ್ಲ, ವಿದೇಶದವರ ಉಯಿಲು ಬಂದಾಗಲೆಲ್ಲ ಈ ಜಾಗದಲ್ಲಿ ನನಗೆ ಅನುಮಾನ, ಯಾರು ಬರೆದದ್ದು, ಎಂದು ಕೊನೆಯ ಪುಟ ತೆಗೆದು ತಾನೇ ಓದಿಕೊಂಡಳು, ಗಟ್ಟಿಯಾಗಿ, ತಯಾರಿಸಿದವರು ಪಿ. ಅಂಜನ, ಮಾನಂತವಾಡಿ. ಕೋಣೆಯಲ್ಲಿ ಆರು ಜನರಿದ್ದರು, ಆರು ಜನಕ್ಕೂ ಕೇಳಿಸಿತು, ಪಿ. ಎಂದರೆ ಪದ್ಮಪ್ಪ, ಅಂಜನ ಸೀರೆಯ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು, ಬೆನ್ನು ತಾನಾಗಿ ನೆಟ್ಟಗಾಯಿತು. ಇದು ನಿಮ್ಮ ಇಷ್ಟದಂತೆಯೇ ಬರೆದದ್ದಾ ಅಮ್ಮಾ? ಹೌದು, ನನ್ನ ಇಷ್ಟ, ಎರಡೂ ಊರಿಗೆ. ಇನ್ನು ಎಡಗೈ ಹೆಬ್ಬೆರಳು. ಗುಮಾಸ್ತ ಹಿಡಿದು ಶಾಯಿಗೆ ಒತ್ತಿದ, ಪುಸ್ತಕಕ್ಕೆ ಒತ್ತಿದ, ಮೂಡಲಿಲ್ಲ, ಗೆರೆ ಸವೆದಿದೆ, ಇನ್ನೊಮ್ಮೆ, ಶಾಯಿ ಹೆಚ್ಚಾಗಿ ಮಣಿಕಟ್ಟಿಗೆ ಇಳಿಯಿತು, ಮೂರನೆಯ ಸಲ ಮೂಡಿತು, ಒರೆಸಲು ಬಟ್ಟೆ ಎಲ್ಲಿ, ಬಟ್ಟೆ ಇಲ್ಲ, ಹೆಸ್ಟರಮ್ಮ ನೀಲಿ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತರು, ಬಾಗಿಲಲ್ಲಿದ್ದ ಕರಿಯನ್ ಒಳಗೆ ಬಂದ, ಯಾರೂ ಕರೆದಿರಲಿಲ್ಲ, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ತಾನುಟ್ಟ ಹೊಸ ಬಿಳಿ ಮುಂಡಿನ ಅಂಚನ್ನು ಎತ್ತಿ, ತೊಡೆಯ ಮೇಲೆ ಹರಡಿ, ಮೆಲ್ಲಗೆ ಆ ಬೆರಳನ್ನು ಅದಕ್ಕೆ ಒತ್ತಿದ, ಒರೆಸಲಿಲ್ಲ, ಒತ್ತಿದ, ಒಪ್ಪು ಇಡುವ ಹಾಗೆ, ಎಲ್ಲರೂ ನೋಡುತ್ತಿದ್ದಂತೆಯೇ, ಕೈ ತೆಗೆದ, ಪುಸ್ತಕದಲ್ಲಿ ಮೂಡಿದ್ದಕ್ಕಿಂತ ಚೆನ್ನಾಗಿ ಮೂಡಿತ್ತು, ಬಿಳಿ ಮುಂಡಿನ ಮೇಲೆ ನೀಲಿ ಹೆಬ್ಬೆರಳು, ಮುಂದಿನ ಟೋಕನ್ ಎಂದು ಯಾರೋ ಕೂಗಿದರು, ಅಂಜನ ಫೈಲು ತೆಗೆದುಕೊಳ್ಳಬೇಕು, ರಸೀತಿ ಕೇಳಬೇಕು, ಬಿಳಿ ಮುಂಡು, ನೀಲಿ ಹೆಬ್ಬೆರಳು, ಒಂದೊಂದು ಗೆರೆಯೂ, ನೀಲಿ ಹೆಬ್ಬೆರಳು —