ಗಿರಣಿ ನಿಂತ ಭಾನುವಾರ

ಪೆಟ್ಟಿಗೆ ಖಾಲಿಯಾಗಿತ್ತು.

ಅಕ್ಕ ಮುಚ್ಚಳ ಹಾಕಿ ಇನ್ನೊಮ್ಮೆ ತೆರೆದು ನೋಡಿದಳು. ಕಂಪ್ಯೂಟರಿನ ಪರದೆಯ ಮೇಲಿನ ಆ ಮರದ ಪೆಟ್ಟಿಗೆಯಲ್ಲಿ ಒಂದು ಮೂಳೆಯಿಲ್ಲ, ಒಂದೆಳೆ ದಾರವಿಲ್ಲ, ಚಿಟಿಕೆ ಮದ್ದಿನ ಪುಡಿಯೂ ಇಲ್ಲ. ಮೂರು ವರ್ಷಗಳಲ್ಲಿ ಅದು ಬರಿದಾದದ್ದನ್ನು ಅವಳು ಕಂಡಿರಲಿಲ್ಲ. ಗೋಡೆಯ ಗಡಿಯಾರ ಮಧ್ಯಾಹ್ನದ ಎರಡೂಕಾಲು ತೋರಿಸುತ್ತಿತ್ತು. ತಮ್ಮನ ಹಡಗು ಬಂದರು ಬಿಡುವುದು ಐದಕ್ಕೆ. ಆಮೇಲೆ ಇಂಟರ್‌ನೆಟ್ಟಿಲ್ಲ, ಆಟವಿಲ್ಲ, ಮಾತಿಲ್ಲ. ಮುಂದಿನ ಬಂದರಿಗೆ ಹತ್ತೊಂಬತ್ತು ದಿನ.

"ಏನಕ್ಕಾ, ಉಸಿರೇ ಇಲ್ಲ?" ಹೆಡ್‌ಫೋನಿನಲ್ಲಿ ತಮ್ಮನ ದನಿ ಕೇಳಿಸಿತು. "ಗಿರಣಿ ಹೇಗಿದೆ?"

"ಇದೆ."

"ಇದೆ ಅಂದ್ರೆ?"

"ನಿಂತಿದೆ."

ಚೌಕಾಕಾರದ ಕಲ್ಲುಗಳನ್ನು ಅಗೆದು, ಮನಸ್ಸಿಗೆ ಬಂದದ್ದನ್ನು ಕಟ್ಟಿಕೊಳ್ಳುವ ಆಟವದು. ಆ ಲೋಕದಲ್ಲಿ ಕತ್ತಲಿದ್ದಲ್ಲಿ ಪಿಶಾಚಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅಕ್ಕ ತಮ್ಮ ಇಬ್ಬರೂ ಸೇರಿ ಹನ್ನೆರಡು ಅಂತಸ್ತಿನ ಕಿಟಕಿಯಿಲ್ಲದ ಗೋಪುರವೊಂದನ್ನು ಎಬ್ಬಿಸಿದ್ದರು. ಒಳಗಿನ ಕತ್ತಲಲ್ಲಿ ಹುಟ್ಟಿದ ಪಿಶಾಚಿಯನ್ನು ಕಾಲುವೆಯ ನೀರು ನಡುವಿನ ಗುಂಡಿಗೆ ತಳ್ಳುತ್ತಿತ್ತು. ಅದು ತಳಕ್ಕೆ ಬಿದ್ದು ಸಾಯುತ್ತಿತ್ತು. ಅದರ ಮೂಳೆ, ದಾರ, ಮದ್ದು ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಇಂಥದ್ದಕ್ಕೆ ಆಟಗಾರರೆಲ್ಲ ಮಾಬ್ ಫಾರ್ಮ್ ಎನ್ನುತ್ತಾರೆ. ಮೇಲೆ ಸುರಿದದ್ದು ಕೆಳಗೆ ಪುಡಿಯಾಗಿ ಬರುತ್ತದಲ್ಲ, ಇವರು ಗಿರಣಿ ಎಂದರು.

"ಗುರುವಾರ ಬಂದ ಅಪ್‌ಡೇಟಿನ ಕೆಲಸ ಇದು," ಎಂದ ತಮ್ಮ. "ಊರವರ ಗಿರಣಿಗಳೆಲ್ಲ ಮಲಗಿವೆಯಂತೆ. ಬಿಡಕ್ಕ, ಕೆಡವಿ ಹಾಕೋಣ."

ಕೆಡವುವ ಮಾತು ಬಂದೊಡನೆ ಅಕ್ಕ ಹೆದರಿದಳು. ಅವಳು ಹೆದರಿದ್ದು ಗೋಪುರ ಹೋದೀತೆಂದಲ್ಲ. ತಮ್ಮ ಕೆಲಸ ಮಾಡುವ ಎಂಜಿನ್ ಕೋಣೆಯ ಗೆಳೆಯರು ಇದೇ ಆಟದಲ್ಲಿ, ಹಡಗಿನೊಳಗೇ, ಹೊಸ ಲೋಕವೊಂದನ್ನು ತೆರೆದಿದ್ದರು. ಅದಕ್ಕೆ ಇಂಟರ್‌ನೆಟ್ಟೂ ಬೇಡ, ಬಂದರಿಗಾಗಿ ಕಾಯುವುದೂ ಬೇಡ. ಗಿರಣಿಯೊಂದು ಇಲ್ಲದಿದ್ದರೆ ತಾನೂ ಅಲ್ಲಿಗೇ ಗಂಟುಮೂಟೆ ಕಟ್ಟುತ್ತಿದ್ದೆ ಎಂದು ತಮ್ಮ ಹಿಂದಿನ ಸಲ ನಗುನಗುತ್ತಲೇ ಹೇಳಿದ್ದ. ಫೋನಿನಲ್ಲಾದರೆ ಅವನು ಊಟ ಆಯ್ತು, ನಿದ್ದೆ ಆಯ್ತು ಎಂದು ಎರಡೇ ಮಾತಿಗೆ ಬೀಗ ಹಾಕಿಕೊಳ್ಳುವ ಆಸಾಮಿ. ಬಾಯಿ ಬಿಡುತ್ತಿದ್ದುದು ಇಲ್ಲಿ ಮಾತ್ರ, ಅಕ್ಕನ ಪಕ್ಕದಲ್ಲಿ ನಿಂತು ಕಲ್ಲು ಅಗೆಯುವಾಗ. ಬಿರುಗಾಳಿಗೆ ಹೆದರಿ ಅತ್ತದ್ದನ್ನೂ, ಒಂದು ಹುಡುಗಿ ಬೇಡವೆಂದದ್ದನ್ನೂ ಹೇಳಿದ್ದು ಇಲ್ಲಿಯೇ. ಇಂದು ಬೆಳಿಗ್ಗೆ ಅವಳು ಎಂಜಿನಿಯರ್ ಪರೀಕ್ಷೆಯ ಫಲಿತಾಂಶ ಕೇಳಿದಾಗ "ಇನ್ನೂ ಬಂದಿಲ್ಲ" ಎಂದಿದ್ದ. ತೀರ ಬೇಗ ಹೇಳಿದ್ದ.

"ಕೆಡವೋದು ಆಮೇಲೆ. ಮೊದಲು ತಪಾಸಣೆ," ಎಂದಳು ಅಕ್ಕ.

"ಶುರುವಾಯ್ತಪ್ಪ ಲಿಫ್ಟ್ ಮೇಸ್ತ್ರಿಯ ದರ್ಬಾರು."

ಅವಳು ನಿಜಕ್ಕೂ ಲಿಫ್ಟ್ ಮೆಕ್ಯಾನಿಕ್. ಕೆಟ್ಟುನಿಂತ ಲಿಫ್ಟನ್ನು ತಳದಿಂದ ತುದಿಯವರೆಗೆ, ಒಂದು ಅಂತಸ್ತನ್ನೂ ಬಿಡದೆ ನೋಡಬೇಕೆಂಬುದು ಅವಳ ಹದಿನಾರು ವರ್ಷಗಳ ಪಾಠ. ಗೋಪುರದ ತಳದ ಗುಂಡಿ ಸರಿಯಿತ್ತು. ಹೊರಗೋಡೆಗಳಲ್ಲಿ ಬಿರುಕಿರಲಿಲ್ಲ. ಉಳಿದದ್ದು ಕಾಲುವೆ.

"ನಿನ್ನ ಕಾಲುವೆದೇ ತಪ್ಪು," ಎಂದಳು. "ನೀರು ಸೋಮಾರಿ ಆಗಿದೆ."

"ನನ್ನ ಕಾಲುವೆ ತಂಟೆಗೆ ಬರಬೇಡ. ಮೂರು ವರ್ಷ ಹನಿ ಸೋರಿಲ್ಲ. ಅಪ್‌ಡೇಟಿನ ಟಿಪ್ಪಣಿ ಓದ್ತೀನಿ, ಕೇಳು. ಮೊದಲು ಮಬ್ಬುಗತ್ತಲಿದ್ರೂ ಪಿಶಾಚಿ ಹುಟ್ತಿತ್ತು, ಇನ್ಮೇಲೆ ಕಗ್ಗತ್ತಲೇ ಬೇಕಂತೆ. ನಮ್ಮಲ್ಲಿ ಕಿಟಕಿ ಇಲ್ಲ, ಬಾಗಿಲಿಲ್ಲ. ಅದಕ್ಕಿಂತ ಕತ್ತಲು ಎಲ್ಲಿಂದ ತರೋಣ?"

ಅಕ್ಕ ಉತ್ತರಿಸುವಷ್ಟರಲ್ಲಿ ಮೇಜಿನ ಮೇಲಿದ್ದ ಡ್ಯೂಟಿ ಫೋನು ಬಡಿದುಕೊಂಡಿತು. ಮೂರೂ ಇಪ್ಪತ್ತು. ಇಂದು ತುರ್ತು ಕರೆಗಳ ಪಾಳಿ ಅವಳದೇ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ಈಗಲೇ ಹೊರಡಬೇಕು. ಹಿಂದಿರುಗುವಷ್ಟರಲ್ಲಿ ಹಡಗು ನಡುನೀರಿನಲ್ಲಿರುತ್ತದೆ. ಒಂದು ಕಿವಿಯ ಹೆಡ್‌ಫೋನ್ ಸರಿಸಿ ಫೋನೆತ್ತಿದಳು. ಒಂದು ವಸತಿ ಕಟ್ಟಡದ ಕಾವಲುಗಾರ.

"ನಿಮ್ಮ ಲಿಫ್ಟು ಮುಷ್ಕರ ಹೂಡಿದೆ ಮೇಡಂ. ನೆಲಮಹಡಿ ಬಿಟ್ಟು ಅಲ್ಲಾಡ್ತಿಲ್ಲ."

"ಒಳಗೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ಬಾಗಿಲು ಮುಚ್ಚಕ್ಕೆ ಹೋಗುತ್ತೆ, ನಾಚಿಕೊಂಡು ವಾಪಸ್ ಬರುತ್ತೆ."

"ಹೊಸ್ತಿಲ ತೋಡಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಬಾಗಿಲು ಜಾರೋ ಸಂದಿಯಲ್ಲಿ."

ಆ ಕಡೆ ಏದುಸಿರು, ಕೀಲಿಗೊಂಚಲಿನ ಸದ್ದು. ಅಕ್ಕ ಗಡಿಯಾರ ನೋಡುತ್ತ ಕುಳಿತಳು.

"ಒಂದು ಬಾಟಲಿ ಮುಚ್ಚಳ ಇದೆ ಮೇಡಂ. ಇಷ್ಟಕ್ಕೆಲ್ಲ ನಿಲ್ಲುತ್ತಾ? ಮೊದಲು ಒಂಚೂರು ಸಂದಿ ಇದ್ರೂ ಓಡ್ತಿತ್ತಲ್ಲ."

"ಹೋದ ತಿಂಗಳು ಹೊಸ ಬೋರ್ಡ್ ಹಾಕಿದೀವಿ. ಈಗ ಬಾಗಿಲು ಪೂರ್ತಿ ಮುಚ್ಚಿದ್ರೆ ಮಾತ್ರ ಹೊರಡುತ್ತೆ. ಒಂಚೂರು ಅನ್ನೋದು ಅದಕ್ಕೆ ನಡೆಯಲ್ಲ, ಪೂರ್ತಿ…"

ಮಾತು ಅಲ್ಲಿಗೇ ನಿಂತಿತು. ಮುಚ್ಚಳ ತೆಗೆಯಲು ಹೇಳಿ, ಲಿಫ್ಟು ಮೇಲೇರಿದ ಸುದ್ದಿ ಕೇಳುವವರೆಗೆ ಕಾದು, ಫೋನಿಟ್ಟಳು.

ಲಿಫ್ಟು ಓಡಾಡುವ ಬಾವಿಯೊಳಗೆ ಇಳಿಯುವ ಮುನ್ನ ಪ್ರತಿ ಅಂತಸ್ತಿಗೂ ಒಂದು ದೀಪ ತೂಗುಹಾಕಬೇಕು. ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ಮೊದಲ ದಿನವೇ ಅವಳ ತಲೆಗೆ ತುಂಬಿದ ನಿಯಮವಿದು. ಗೋಪುರ ಕಟ್ಟುವಾಗ, ತಮ್ಮ ಸಮುದ್ರದ ಮೇಲಿದ್ದ ದಿನಗಳಲ್ಲಿ, ಅವಳ ಕೈ ತಾನಾಗಿಯೇ ಅದನ್ನು ಪಾಲಿಸಿತ್ತು. ಅಂತಸ್ತಿಗೊಂದರಂತೆ ಮೂಲೆಯಲ್ಲಿ ಕಂದು ಅಣಬೆ ನೆಟ್ಟಿದ್ದಳು. ಆ ಅಣಬೆ ಕಂಡೂ ಕಾಣದಷ್ಟು ಮಿಣುಕುತ್ತದೆ. ಆಟದ ಹಳೆಯ ನಿಯಮದಲ್ಲಿ ಅಷ್ಟು ಬೆಳಕು ಲೆಕ್ಕಕ್ಕಿರಲಿಲ್ಲ; ಹೊಸದರಲ್ಲಿ ಅಷ್ಟಿದ್ದರೂ ಪಿಶಾಚಿ ಹುಟ್ಟದು. ತಮ್ಮ ಗೇಲಿ ಮಾಡಿಯಾನೆಂದು ಹೇಳಿರಲಿಲ್ಲ. ಆಮೇಲೆ ತಾನೇ ಮರೆತಿದ್ದಳು.

ಈಗಲೂ ಹೇಳದೆ ಕಿತ್ತುಬಿಡಬಹುದಿತ್ತು. ಕಾಲುವೆಯ ಮೇಲೆ ಹೊರಿಸಿದ ತಪ್ಪು ಕಾಲುವೆಯ ಮೇಲೆಯೇ ಇರುತ್ತಿತ್ತು. ಅವಳು ಒಂದು ಗುಟುಕು ನೀರು ಕುಡಿದಳು.

"ತಮ್ಮಾ, ನಿನ್ನ ಕಾಲುವೆ ಸರಿಯಾಗಿದೆ. ತಪ್ಪು ನನ್ನದು. ಒಳಗೆ ಹನ್ನೆರಡು ಅಣಬೆ ನೆಟ್ಟಿದೀನಿ."

"ಅಣಬೆ?"

"ಬೆಳಕಿಗೆ."

"ಪಿಶಾಚಿ ಹುಟ್ಟಬೇಕಾದ ಗೂಡಿಗೆ ನೈಟ್ ಲ್ಯಾಂಪ್ ಇಟ್ಟಿದೀಯಾ?"

"ಬಾವಿ ಕೆಲಸ ಅಂದ್ರೆ ದೀಪ ಇರಬೇಕು ಕಣೋ. ಕೈಗೆ ಅಭ್ಯಾಸ."

ತಮ್ಮ ನಕ್ಕ ನಗೆಗೆ ಹೆಡ್‌ಫೋನು ಗರಗರ ಎಂದಿತು. ಪಕ್ಕದ ಹಾಸಿಗೆಯವನು ಎದ್ದು ಬೈದದ್ದೂ ಕೇಳಿಸಿತು. ನಗು ಮುಗಿದ ಮೇಲೆ ಅವನು ಕೆಡವುವ ಮಾತೆತ್ತಲಿಲ್ಲ. ತಳದ ಆರು ನನ್ನವು, ಮೇಲಿನ ಆರು ನಿನ್ನವು ಎಂದ. ಒಂದೊಂದು ಗೋಡೆಯ ಕಲ್ಲು ತೆಗೆದು, ಅಣಬೆ ಕಿತ್ತು, ಮತ್ತೆ ಕಲ್ಲು ಮುಚ್ಚಿ ಮುಗಿಸುವಾಗ ನಾಲ್ಕೂ ಐದು. ಮನುಷ್ಯರು ಹತ್ತಿರವಿದ್ದರೆ ಪಿಶಾಚಿ ಹುಟ್ಟುವುದಿಲ್ಲ. ಇಬ್ಬರೂ ದೂರದ ಕಟ್ಟೆಯ ಮೇಲೆ ಹೋಗಿ ನಿಂತರು.

ಒಂದು ನಿಮಿಷ ಕಳೆಯಿತು. ಎರಡಾಯಿತು. ಗೋಪುರ ಮಿಸುಕಲಿಲ್ಲ.

"ಅಕ್ಕ."

"ಹೂಂ."

"ಫಲಿತಾಂಶ ಬಂದು ಎಂಟು ದಿನ ಆಯ್ತು."

ಅಕ್ಕ ತಿರುಗಿ ನೋಡಲಿಲ್ಲ. ನೋಡಿದರೆ ಅವನು ನಿಲ್ಲಿಸಿಬಿಡುತ್ತಾನೆಂದು ಗೊತ್ತಿತ್ತು.

"ಒಂದು ಪೇಪರ್ ಹೋಯ್ತು. ನೀನು ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ, ನನ್ನ ತಮ್ಮ ಎಂಜಿನಿಯರ್ ಆಗ್ತಾನೆ ಅಂತ. ಅದಕ್ಕೇ ಬಾಯಿ ಬರಲಿಲ್ಲ."

"ಯಾವ ಪೇಪರು?"

ಅವನು ಉತ್ತರಿಸುವ ಮುನ್ನ ಗೋಪುರದ ತಳದಲ್ಲಿ ದೊಪ್ಪೆಂದಿತು. ಹಿಂದೆಯೇ ಇನ್ನೊಂದು ದೊಪ್. ಅಕ್ಕ ಓಡಿಹೋಗಿ ಪೆಟ್ಟಿಗೆ ತೆರೆದಳು. ಎರಡು ಮೂಳೆ, ಒಂದೆಳೆ ದಾರ. ಆಟದೊಳಗೆ ಮತ್ತೆ ಕಟ್ಟೆಗೆ ಮರಳಿ, ಇಲ್ಲಿ ಕುರ್ಚಿಗೆ ಒರಗಿದಳು. ಮಧ್ಯಾಹ್ನದಿಂದ ಬಿಗಿಹಿಡಿದಿದ್ದ ಭುಜಗಳು ಈಗಷ್ಟೇ ಇಳಿದವು.

"ಯಾವ ಪೇಪರು ಅಂದೆ."

"ನಗಬಾರದು."

"ನಗಲ್ಲ."

"ಎಲೆಕ್ಟ್ರಿಕಲ್. ಮೋಟಾರು, ಅದನ್ನ ಆನ್ ಆಫ್ ಮಾಡೋ ರಿಲೇ, ಅವೆಲ್ಲ."

ಹದಿನಾರು ವರ್ಷ ಮೋಟಾರು, ರಿಲೇಗಳ ನಡುವೆಯೇ ಬಾಳಿದವಳು ಬಾಯಿಗೆ ದಿಂಬು ಒತ್ತಿಕೊಂಡಳು.

"ನಗ್ತಿದೀಯ."

"ಇಲ್ಲಪ್ಪ. ಮರುಪರೀಕ್ಷೆ ಯಾವಾಗ?"

"ಎರಡು ತಿಂಗಳಿಗೆ."

"ಹಾಗಾದ್ರೆ ಮೂರು ಬಂದರು ಸಿಗುತ್ತೆ. ಪುಸ್ತಕ ತಗೊಂಡು ಬಾ. ಮೊದಲ ಪಾಠ, ರಿಲೇ ಅಂದ್ರೇನು."

"ಈಗಲೇನಾ? ಹಡಗು ಹೊರಡಕ್ಕೆ ಇನ್ನು ಮುಕ್ಕಾಲು ಗಂಟೆ ಅಷ್ಟೇ."

"ರಿಲೇಗೆ ಅಷ್ಟು ಸಾಕು. ಕೈಗೆ ಗುದ್ದಲಿ ತಗೋ, ಕಲ್ಲು ಅಗೀತಾ ಕೇಳು."

ತಮ್ಮ ಗೊಣಗುತ್ತ ಪುಸ್ತಕ ಹುಡುಕತೊಡಗಿದ. ಅವನು ಹಾಳೆ ತಿರುವುವ ಸದ್ದಿನ ಹಿಂದೆ ಗಿರಣಿ ಸುರಿಯುತ್ತಲೇ ಇತ್ತು.